ಬಳ್ಳಾರಿ ಬಿಸಿಲಿಗೆ ಒಗ್ಗುವ ಆಯುರ್ವೇದ ದಿನಚರಿ: ಕಾಲು ಕಾಲು ಭಾಗವಾಗಿ ಶುರು ಮಾಡುವುದು ಹೇಗೆ

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನಾನು ಒಂದೇ ದಿನದಲ್ಲಿ ಆಯುರ್ವೇದದ ಮನುಷ್ಯನಾಗಲು ಹೊರಟೆ. ನಾಲ್ಕೂವರೆಗೆ ಅಲಾರಂ, ತಾಮ್ರದ ಚೊಂಬಿನ ನೀರು ಒಂದು ಲೀಟರ್, ಮೈಗೆಲ್ಲ ಬಿಸಿ ಎಳ್ಳೆಣ್ಣೆ, ಮೇಲೊಂದು ಶುಂಠಿ ಕಷಾಯ, ರಾತ್ರಿ ತ್ರಿಫಲಾ ಚೂರ್ಣ. ಎಲ್ಲ ವಿಡಿಯೋ ನೋಡಿ ಕಲಿತದ್ದು. ಹತ್ತನೇ ದಿನಕ್ಕೆ ಬಾಯಲ್ಲಿ ಹುಣ್ಣು, ಬೆನ್ನ ತುಂಬ ಬೆವರುಸಾಲೆ, ದಿನಕ್ಕೆ ಮೂರು ಸಲ ಭೇದಿ. ಹೊರಗೆ 41 ಡಿಗ್ರಿ ಬಿಸಿಲು. ಕೊನೆಗೆ ಒಬ್ಬ ಆಯುರ್ವೇದ ಡಾಕ್ಟರ್ ಹತ್ತಿರ ಹೋದೆ. ಅವರು ನಾಡಿ ನೋಡುವ ಮುಂಚೆಯೇ ನಕ್ಕು ಕೇಳಿದರು: "ನೀವು ಇರೋದು ಯಾವ ಊರಾಗ, ಈಗ ನಡದಿರೋದು ಯಾವ ತಿಂಗಳ, ಹೇಳ್ರಿ ನೋಡೋಣ?"

ಆ ಪ್ರಶ್ನೆಯೇ ಈ ಬರಹದ ಬುಡ. ಆಯುರ್ವೇದದ ಹಳೇ ಗ್ರಂಥ ಚರಕ ಸಂಹಿತೆ ನೆಲವನ್ನು ಮೂರು ಥರ ಮಾಡುತ್ತದೆ. ನೀರು, ಗಿಡ ಕಡಿಮೆ ಇರುವ ಒಣ ನೆಲ ಜಾಂಗಲ. ನೀರು ನಿಲ್ಲುವ ತೇವದ ನೆಲ ಆನೂಪ. ಎರಡರ ನಡುವಿನದು ಸಾಧಾರಣ. ನಮ್ಮ ಬಳ್ಳಾರಿ, ಸಿರುಗುಪ್ಪ, ಮಾನ್ವಿ, ಕುಷ್ಟಗಿ ಕಡೆ ಕಾಲುವೆ ನೀರು ಬಿಟ್ಟರೆ ಉಳಿದದ್ದು ಜಾಂಗಲವೇ ಅಲ್ವಾ. ಕೇರಳದ ಮಳೆಯಲ್ಲಿ ಕೂತವರು ಹೇಳುವ ಬಿಸಿ ಎಣ್ಣೆ, ಬಿಸಿ ಕಷಾಯ ನಮ್ಮ ಮೇ ತಿಂಗಳಿಗೆ ಹೊಂದುವುದಿಲ್ಲ. ತಪ್ಪು ಆಯುರ್ವೇದದ್ದಲ್ಲ, ಊರು ನೋಡದೆ ನಕಲು ಹೊಡೆದ ನನ್ನದು.

ಅವರು ಹೇಳಿದ ಎರಡನೇ ಮಾತು ಇನ್ನೂ ಉಪಯೋಗದ್ದು. ಅದಕ್ಕೆ ಪಾದಾಂಶಿಕ ಕ್ರಮ ಅಂತ ಹೆಸರು. ಪಾದ ಅಂದರೆ ಇಲ್ಲಿ ಕಾಲು ಭಾಗ. ಕೆಟ್ಟ ರೂಢಿಯಾಗಲಿ ಒಳ್ಳೆಯ ರೂಢಿಯಾಗಲಿ, ಒಮ್ಮೆಲೇ ಬಿಡಬಾರದು, ಒಮ್ಮೆಲೇ ಹಿಡಿಯಬಾರದು, ಕಾಲು ಕಾಲು ಭಾಗವಾಗಿ ಬದಲಿಸಬೇಕು. ಗ್ರಂಥದಲ್ಲಿ ನಡುವೆ ಒಂದು, ಎರಡು, ಮೂರು ದಿನಗಳ ಅಂತರ ಹೇಳಿದೆ. ನಾನು ದಿನದ ಬದಲು ವಾರ ಇಟ್ಟುಕೊಂಡೆ, ಏಕೆಂದರೆ ನನ್ನ ಚಟಗಳು ಹಳೆಯವು.

ಮೊದಲ ವಾರ: ಏನೂ ಬದಲಿಸಬೇಡಿ, ಸುಮ್ನೆ ಬರೆದಿಡಿ

ಒಂದು ನೋಟ್‌ಬುಕ್ ತಗೊಳ್ಳಿ. ದಿನಾ ಐದು ಸಂಗತಿ ಬರೆಯಿರಿ: ಎಷ್ಟೊತ್ತಿಗೆ ಎದ್ದಿರಿ, ಎಷ್ಟೊತ್ತಿಗೆ ಮಲಗಿದಿರಿ, ಹೊಟ್ಟೆ ಸಲೀಸಾಗಿ ಹೋಯಿತೋ ಇಲ್ಲವೋ, ನಿಜವಾದ ಹಸಿವು ಯಾವಾಗ ಆಯಿತು, ಎಷ್ಟು ಕಪ್ ಚಹಾ. ನನ್ನ ಮೊದಲ ವಾರದ ಪುಟ ನೋಡಿ ನನಗೇ ನಾಚಿಕೆಯಾಯಿತು. ಬೆಳಗ್ಗೆ ಹಸಿವು ಅನ್ನೋದೇ ಇರಲಿಲ್ಲ, ಆದರೂ ಎಂಟಕ್ಕೆ ಇಡ್ಲಿ ವಡೆ. ರಾತ್ರಿ ಹತ್ತೂವರೆಗೆ ದೊಡ್ಡ ಊಟ.

ಇದೇ ವಾರ ಬಿಪಿ, ಶುಗರ್ ಒಮ್ಮೆ ನೋಡಿಸಿಕೊಳ್ಳಿ. ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಬೇಡಿ, ಆಯುರ್ವೇದ ಶುರು ಮಾಡಿದೆ ಅಂತ ಅರ್ಧ ಮಾಡಲೂ ಬೇಡಿ. ಬಸುರಿಯರು, ಬಾಣಂತಿಯರು, ಮೂತ್ರಪಿಂಡದ ತೊಂದರೆ ಇರುವವರು ಮೊದಲು ತಮ್ಮ ಡಾಕ್ಟರನ್ನು ಕೇಳಿಯೇ ಮುಂದಿನದು.

ವಾತ, ಪಿತ್ತ, ಕಫ ಅನ್ನೋ ಮೂರು ದೋಷಗಳಲ್ಲಿ ನಿಮ್ಮದು ಯಾವ ಪ್ರಕೃತಿ, ಅಂದರೆ ಯಾವ ಮೈಗುಣ, ಅಂತ ಫೋನಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಕೊಟ್ಟು ತಿಳಿದುಕೊಳ್ಳುವ ಆಟ ಬೇಡ. ನಾನು ಮೂರು ಕಡೆ ಆಡಿದೆ, ಮೂರು ಉತ್ತರ ಬಂತು. ತಿಳಿಯಬೇಕು ಅನಿಸಿದರೆ ಕಲಿತವರಿಗೆ ತೋರಿಸಿ. ಬಳ್ಳಾರಿಯಲ್ಲಂತೂ ಸರ್ಕಾರಿ ಆಯುರ್ವೇದ ಕಾಲೇಜೇ ಇದೆ. ಅದಕ್ಕೆ ಇಟ್ಟಿರುವುದು ಪಂಡಿತ ತಾರಾನಾಥರ ಹೆಸರು. ನಿಜಾಮರ ಕಾಲದ ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿ, ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಆಶ್ರಮ ನಡೆಸಿದವರು, ಔಷಧಿ ಕೊಡುತ್ತಿದ್ದವರು. ಸರೋದ್ ವಾದಕ ರಾಜೀವ ತಾರಾನಾಥರ ತಂದೆ ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ.

ಎರಡನೇ ವಾರ: ನಿದ್ದೆ

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅನ್ನೋದು ಎಲ್ಲರಿಗೂ ಗೊತ್ತು. ಸೂರ್ಯೋದಯಕ್ಕೆ ಸುಮಾರು ಒಂದೂವರೆ ಗಂಟೆ ಮುಂಚೆ. ಅಷ್ಟಾಂಗ ಹೃದಯ ಅನ್ನೋ ಇನ್ನೊಂದು ಹಳೇ ಗ್ರಂಥದಲ್ಲಿ ಆ ಮಾತು ಹೇಳಿರುವುದು ಆರೋಗ್ಯವಾಗಿ ಇರುವವನಿಗೆ. ಅದನ್ನು ಎಲ್ಲರೂ ಮರೆಯುತ್ತಾರೆ. ರಾತ್ರಿ ಹನ್ನೆರಡಕ್ಕೆ ಮಲಗಿ ನಾಲ್ಕೂವರೆಗೆ ಎದ್ದರೆ ಅದು ದಿನಚರಿ ಅಲ್ಲ, ನಿದ್ದೆಗೇಡು.

ಹಾಗಾಗಿ ಏಳುವ ಹೊತ್ತನ್ನು ಮುಟ್ಟಬೇಡಿ, ಮಲಗುವ ಹೊತ್ತನ್ನು ಹಿಂದೆ ತನ್ನಿ. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ. ಹತ್ತೂವರೆಗೆ ಮಲಗುವ ಹಂತ ಬಂದರೆ ಐದೂವರೆಗೆ ತಾನಾಗಿ ಎಚ್ಚರ ಆಗುತ್ತದೆ. ಬೇಸಿಗೆಯಲ್ಲಿ ನಮ್ಮ ಗೋಡೆಗಳು ರಾತ್ರಿ ಹನ್ನೊಂದಾದರೂ ಕಾದ ಹೆಂಚಿನ ಹಾಗೆ ಇರುತ್ತವೆ, ಕರೆಂಟು ಬೇರೆ ಹೋಗುತ್ತದೆ. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಚೆಲ್ಲಿ ಅಲ್ಲೇ ಮಲಗುವ ಹಳೇ ರೂಢಿ ಇದೆಯಲ್ಲ, ಸೊಳ್ಳೆಪರದೆ ಕಟ್ಟಿಕೊಂಡು ಅದನ್ನೇ ಮಾಡಿ.

ಮಧ್ಯಾಹ್ನದ ನಿದ್ದೆ ಕೂಡದು ಅಂತ ಹೇಳುತ್ತಾರೆ. ಆದರೆ ಬೇಸಿಗೆಯಲ್ಲಿ ಮಾಡಬಹುದು ಅಂತ ಗ್ರಂಥವೇ ಬಿಟ್ಟುಕೊಟ್ಟಿದೆ. ರಾತ್ರಿ ಚಿಕ್ಕದು, ಒಣ ಬಿಸಿಲು ಮೈಯನ್ನು ಹೀರುತ್ತದೆ, ಅದಕ್ಕೆ. ಅರ್ಧ ಗಂಟೆ ಸಾಕು. ಮಳೆಗಾಲ, ಚಳಿಗಾಲದಲ್ಲಿ ಈ ವಿನಾಯಿತಿ ಇಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಇಲ್ಲೆಲ್ಲ ನೈಟ್ ಶಿಫ್ಟ್ ಮಾಡುವವರು ಈ ದಿನಚರಿ ಓದಿ ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗೂ ಒಂದು ಸೂತ್ರ ಇದೆ: ರಾತ್ರಿ ಎಷ್ಟು ಹೊತ್ತು ಎಚ್ಚರ ಇದ್ದೆವೋ ಅದರ ಅರ್ಧ ಹೊತ್ತು ಬೆಳಗ್ಗೆ, ಏನೂ ತಿನ್ನದೆ, ಮಲಗಬೇಕು. ಗಮನಿಸಿ, ತಿನ್ನದೆ. ಶಿಫ್ಟ್ ಮುಗಿಸಿ ಗೇಟಿನ ಹತ್ತಿರ ಪೂರಿ ತಿಂದು ಮನೆಗೆ ಬಂದು ಬೀಳುವುದೇ ಹೊಟ್ಟೆ ಕೆಡಲು ಕಾರಣ. ಉಳಿದ ನಿದ್ದೆಯನ್ನು ಮಧ್ಯಾಹ್ನ ಸೇರಿಸಿ ಏಳು ಗಂಟೆ ಮಾಡಿಕೊಳ್ಳಿ.

ಮೂರನೇ ವಾರ: ನೀರು, ಮತ್ತು ತಡೆದುಕೊಳ್ಳುವ ಚಾಳಿ

ಬೆಳಗ್ಗೆ ಎದ್ದು ಒಂದು ಲೋಟ ಬೆಚ್ಚಗಿನ ನೀರು ಸಾಕು. ಲೀಟರ್‌ಗಟ್ಟಲೆ ಬೇಡ. ಅಷ್ಟಾಂಗ ಹೃದಯದ ಪ್ರಕಾರ ಆರೋಗ್ಯವಂತನೂ ನೀರು ಹಿತಮಿತವಾಗಿ ಕುಡಿಯಬೇಕು, ಬೇಸಿಗೆ ಮತ್ತು ಶರದೃತು ಮಾತ್ರ ಅದಕ್ಕೆ ಹೊರತು. ನಮ್ಮಲ್ಲಿ ಶಿವರಾತ್ರಿ ಕಳೆದ ಮೇಲೆ ಬಾಯಾರಿಕೆ ಕಾಯದೆ ಕುಡಿಯಿರಿ. ಹರವಿಯ, ಅಂದರೆ ಮಣ್ಣಿನ ಕೊಡದ ನೀರು, ಬೇಕಾದರೆ ಒಂದು ಹಿಡಿ ಲಾವಂಚದ ಬೇರು ತೊಳೆದು ಹಾಕಿ. ಫ್ರಿಜ್ ನೀರು ಬೇಡ.

ತಾಮ್ರದ ಬಗ್ಗೆ ಒಂದು ಮಾತು. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ತಾಮ್ರದ ಬಿಂದಿಗೆಯಲ್ಲಿ ಇಟ್ಟರೆ ಅದು ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಹಲ್ಲಿನ ಮೇಲೆ ಕಂದು ಕಲೆ ಇರುವ ಊರಾದರೆ ಮೊದಲು ಶುದ್ಧ ನೀರಿನ ಘಟಕದ ನೀರು ತನ್ನಿ, ಆಮೇಲೆ ತಾಮ್ರದ ಮಾತು. ತಾಮ್ರದಲ್ಲಿ ಮಜ್ಜಿಗೆ, ನಿಂಬೆ ಶರಬತ್ತು ಇಡಲೇಬೇಡಿ, ಕಿಲುಬುತ್ತದೆ.

ತಡೆಯಬಾರದ ವೇಗಗಳು, ಅಂದರೆ ಮೈಯ ಸಹಜ ಒತ್ತಡಗಳು, 13 ಅಂತ ಎಣಿಸಿದ್ದಾರೆ: ಮಲ, ಮೂತ್ರ, ಹೂಸು, ಸೀನು, ಕೆಮ್ಮು, ವಾಂತಿ, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು, ದಣಿದಾಗಿನ ಏದುಸಿರು, ವೀರ್ಯ. ಓದಲು ಸುಲಭ. ಆದರೆ ನಾನು ಲೆಕ್ಕ ಬರೆಯುವ ಜೀನ್ಸ್ ಯೂನಿಟ್‌ನಲ್ಲಿ ಹೊಲಿಗೆ ಮಷಿನ್ ಮುಂದೆ ಕೂತ ಹೆಣ್ಣುಮಕ್ಕಳು ನಾಲ್ಕು ನಾಲ್ಕು ತಾಸು ಎದ್ದೇಳುವುದಿಲ್ಲ, ಬಸ್ ಹಿಡಿದು ದೂರದಿಂದ ಬರುವವರು ದಾರಿಯಲ್ಲಿ ತೊಂದರೆ ಅಂತ ನೀರೇ ಕುಡಿಯುವುದಿಲ್ಲ. ಇದು ದಿನಚರಿಯ ಮಾತಲ್ಲ, ಶೌಚಾಲಯದ ಮಾತು. ನಿಮ್ಮ ಕೈಕೆಳಗೆ ನಾಲ್ಕು ಜನ ಕೆಲಸ ಮಾಡುತ್ತಿದ್ದರೆ ಎರಡು ತಾಸಿಗೊಮ್ಮೆ ಹತ್ತು ನಿಮಿಷ ಬಿಡುವು ಕೊಡಿ.

ಹಲ್ಲಿಗೆ ಬೇವಿನ ಕಡ್ಡಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಪೇಸ್ಟು. ನಾಲಿಗೆ ಕೆರೆದುಕೊಳ್ಳುವುದನ್ನು ಮಾತ್ರ ತಪ್ಪಿಸಬೇಡಿ.

ನಾಲ್ಕರಿಂದ ಎಂಟನೇ ವಾರ: ಊಟ

ಇದಕ್ಕೇ ಜಾಸ್ತಿ ದಿನ ಬೇಕು. ಎಲ್ಲಕ್ಕಿಂತ ಮೊದಲ ಬದಲಾವಣೆ ಏನು ತಿನ್ನುತ್ತೀರಿ ಅನ್ನೋದಲ್ಲ, ಯಾವಾಗ ತಿನ್ನುತ್ತೀರಿ ಅನ್ನೋದು. ಹಗಲಿನ ನಡುಭಾಗ ಪಿತ್ತದ ಹೊತ್ತು, ಜೀರ್ಣಶಕ್ತಿ ಆಗ ಜೋರು. ಹಾಗಾಗಿ ದೊಡ್ಡ ಊಟ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆ ಒಳಗೆ. ರಾತ್ರಿಯದನ್ನು ಕಾಲು ಭಾಗ ಕಡಿಮೆ ಮಾಡಿ ಆ ಕಾಲು ಭಾಗವನ್ನು ಮಧ್ಯಾಹ್ನಕ್ಕೆ ಸೇರಿಸಿ. ರಾತ್ರಿ ನಾಲ್ಕು ರೊಟ್ಟಿ ಇದ್ದದ್ದು ಮೂರಾಗಲಿ. ಎರಡು ವಾರ ಕಳೆದ ಮೇಲೆ ಎರಡಾಗಲಿ. ಕೆಲಸ ಮುಗಿಯುವುದೇ ಒಂಬತ್ತಕ್ಕೆ ಅನ್ನುವವರು ಏಳೂವರೆಗೆ ಡಬ್ಬಿಯಲ್ಲಿ ಏನಾದರೂ ತಿಂದುಬಿಡಿ, ಮನೆಗೆ ಬಂದು ಒಂದು ಬಟ್ಟಲು ಜೋಳದ ನುಚ್ಚೋ ಹೆಸರುಬೇಳೆ ತೊವ್ವೆಯೋ ಸಾಕು.

ಎಷ್ಟು ಉಣ್ಣಬೇಕು? ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ಎರಡು ಪಾಲು ಗಟ್ಟಿ ಆಹಾರ, ಒಂದು ಪಾಲು ನೀರಿನಂಥದ್ದು, ಒಂದು ಪಾಲು ಖಾಲಿ. ಹಿಂದಿನ ಊಟ ಕರಗಿದೆಯಾ ಅಂತ ನೋಡಲು ತೇಗು ಸಾಕು. ಮೊನ್ನೆಯ ಮಿರ್ಚಿ ಭಜಿಯ ವಾಸನೆ ತೇಗಿನಲ್ಲಿ ಬಂದರೆ ಇನ್ನೂ ಒಳಗೇ ಇದೆ ಅಂತ ಅರ್ಥ. ಮೈ ಹಗುರ, ತೇಗು ಚೊಕ್ಕ, ನಿಜವಾದ ಹಸಿವು, ಈ ಮೂರೂ ಬಂದ ಮೇಲೆ ತಟ್ಟೆ ಹಾಕಿಕೊಳ್ಳಿ.

ಇನ್ನು ಏನು ತಿನ್ನುವುದು. ಕ್ವಿನೋವಾ ಹುಡುಕಬೇಡಿ. ಜೋಳದ ರೊಟ್ಟಿ ಹಗುರ, ಆದರೆ ಒಣ. ಒಣ ನೆಲದಲ್ಲಿ ಇರುವ ನಮಗೆ ಅದರ ಜೊತೆ ಜಿಡ್ಡು ಬೇಕು. ಅದಕ್ಕೇ ಅಜ್ಜಿಯರು ರೊಟ್ಟಿ ಮೇಲೆ ಬೆಣ್ಣೆ ಇಡದೆ ಕೊಡುತ್ತಿರಲಿಲ್ಲ. ಒಂದು ರೊಟ್ಟಿಗೆ ಒಂದು ಚಮಚ ತುಪ್ಪ ಅಥವಾ ಬೆಣ್ಣೆ. ಮಲಬದ್ಧತೆ ಇರುವವರು ಖಡಕ್ ರೊಟ್ಟಿ ಬಿಟ್ಟು ಬಿಸಿ ಮೆತ್ತನೆ ರೊಟ್ಟಿ ತಿನ್ನಿ. ನಾನು ಬೇರೇನೂ ಮಾಡದೆ ಇದೊಂದನ್ನು ಮಾಡಿದ ವಾರವೇ ಹೊಟ್ಟೆ ಸರಿಹೋಯಿತು. ಅಕ್ಕಿ ತಿನ್ನುವವರು ಒಂದು ವರ್ಷ ಹಳೆಯ ಸೋನಾ ಮಸೂರಿ ತನ್ನಿ. ಹೊಸ ಧಾನ್ಯ ಭಾರ, ಹಳೆಯದು ಹಗುರ ಅನ್ನೋದು ಆಯುರ್ವೇದದ ಮಾತು. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನವರೂ ಹಳೇ ಅಕ್ಕಿಗೆ ದುಡ್ಡು ಜಾಸ್ತಿ ಕೇಳುವುದು ಸುಮ್ನೆ ಅಲ್ಲ.

ಬೇಳೆಗಳಲ್ಲಿ ಚರಕ ಸಂಹಿತೆ ಹೆಸರುಬೇಳೆಗೆ ಮೊದಲ ಸ್ಥಾನ ಕೊಟ್ಟಿದೆ, ಉದ್ದಿಗೆ ಕೊನೆಯದು. ಇಡ್ಲಿ, ದೋಸೆ, ವಡೆ ಮೂರರಲ್ಲೂ ಉದ್ದು. ಬಿಡಿ ಅನ್ನುವುದಿಲ್ಲ, ವಾರದಲ್ಲಿ ಏಳು ದಿನದ್ದನ್ನು ಐದಕ್ಕೆ ಇಳಿಸಿ. ಅದೇ ಗ್ರಂಥ ಗಿಡಗಳ ಎಣ್ಣೆಗಳಲ್ಲಿ ಕುಸುಬೆ ಎಣ್ಣೆಯನ್ನು ಎಲ್ಲಕ್ಕಿಂತ ಅಹಿತ ಅಂದಿದೆ. ಇದನ್ನು ನಮ್ಮ ಸೋದರತ್ತೆಗೆ ಹೇಳಿದೆ. "ನಿಮ್ಮ ಚರಕ ನಮ್ಮ ಹೊಲದಾಗಿನ ಕುಸುಬಿ ತಿಂದಾನೇನಪಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಮನೆಯಲ್ಲಿ ಈಗ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಎರಡೂ ಇವೆ. ಶೇಂಗಾ ಕೂಡ ಚರಕರಿಗೆ ಗೊತ್ತಿರಲಿಲ್ಲ ಅನ್ನಿ, ಅದು ಮೆಣಸಿನಕಾಯಿಯ ಹಾಗೆ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದದ್ದು.

ಮೆಣಸಿನಕಾಯಿ ಅಂದಾಗ ನೆನಪಾಯಿತು, ಸಂಜೆಯ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಇದನ್ನು ಬಿಡಿ ಅಂದರೆ ಈ ಜಿಲ್ಲೆಗಳಲ್ಲಿ ಯಾರೂ ಮುಂದೆ ಓದುವುದಿಲ್ಲ. ಮಂಡಕ್ಕಿ ಹಗುರ, ಅದರ ತಂಟೆ ಇಲ್ಲ. ಮಿರ್ಚಿ ಮಾತ್ರ ದಿನಾ ನಾಲ್ಕು ತಿನ್ನುತ್ತಿದ್ದರೆ ಮೊದಲ ವಾರ ಮೂರು, ಆಮೇಲೆ ಎರಡು, ಆಮೇಲೆ ಒಂದು, ಕೊನೆಗೆ ವಾರದಲ್ಲಿ ಎರಡು ದಿನ ಮಾತ್ರ. ಏಪ್ರಿಲ್, ಮೇನಲ್ಲಿ ಮತ್ತೆ ಮಹಾನವಮಿ ಸುತ್ತಮುತ್ತ ಪೂರ್ತಿ ಬಿಟ್ಟರೆ ಎದೆಯುರಿ ಎಷ್ಟು ಕಡಿಮೆಯಾಗುತ್ತದೆ ಅಂತ ನೋಟ್‌ಬುಕ್ಕೇ ಹೇಳುತ್ತದೆ. ಚಹಾಕ್ಕೂ ಇದೇ ಲೆಕ್ಕ. ನನ್ನದು ದಿನಕ್ಕೆ ಆರು ಇತ್ತು, ಈಗ ಎರಡು. ಕೊನೆಯ ಎರಡು ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ.

ಮೊಸರನ್ನು ರಾತ್ರಿ ತಿನ್ನಬೇಡಿ, ಬಿಸಿ ಮಾಡಬೇಡಿ. ಜೇನನ್ನೂ ಬಿಸಿ ಮಾಡಬೇಡಿ. ಮಜ್ಜಿಗೆಯ ವಿಷಯದಲ್ಲಿ ಮಾತ್ರ ನನಗೊಂದು ಪೇಚಾಟ ಬಂತು. ಸುಶ್ರುತ ಸಂಹಿತೆ ಅನ್ನೋ ಹಳೇ ಗ್ರಂಥದಲ್ಲಿ ಬೇಸಿಗೆಯಲ್ಲಿ ಮಜ್ಜಿಗೆ ಕೂಡದು ಎಂದಿದೆ! ನಾವೋ ಬೇಸಿಗೆ ದಾಟುವುದೇ ಮಜ್ಜಿಗೆ ಮೇಲೆ. ಡಾಕ್ಟರ್ ಬಿಡಿಸಿ ಹೇಳಿದರು: ತೊಂದರೆ ಇರುವುದು ಹುಳಿಯಲ್ಲಿ. ಹುಳಿ ಪಿತ್ತ ಏರಿಸುತ್ತದೆ. ಅವತ್ತೇ ಹೆಪ್ಪಾದ ಸಿಹಿ ಮೊಸರು ಒಂದು ಪಾಲಿಗೆ ನೀರು ನಾಲ್ಕು ಪಾಲು, ಕಡೆದು ಬೆಣ್ಣೆ ತೆಗೆದು, ಹುರಿದ ಜೀರಿಗೆ ಪುಡಿ, ಕೊತ್ತಂಬರಿ, ಚಿಟಿಕೆ ಉಪ್ಪು. ಬೇಸಿಗೆಯಲ್ಲಿ ಶುಂಠಿ, ಹಸಿಮೆಣಸಿನಕಾಯಿ ಹಾಕಬೇಡಿ. ನಿನ್ನೆಯ ಹುಳಿ ಮಜ್ಜಿಗೆ ಸಾರಿಗೆ ಹೋಗಲಿ.

ಒಂಬತ್ತನೇ ವಾರ: ಎಣ್ಣೆ ಮತ್ತು ನಡಿಗೆ

ಮೈಗೆಲ್ಲ ಎಣ್ಣೆ ದಿನಾ ಹಚ್ಚಲು ಯಾರಿಗೂ ಪುರುಸೊತ್ತಿಲ್ಲ. ತಲೆ, ಕಿವಿ, ಪಾದ, ಈ ಮೂರಕ್ಕೆ ವಿಶೇಷವಾಗಿ ಹಚ್ಚಿ ಅಂತ ಇದೆ. ರಾತ್ರಿ ಪಾದಕ್ಕೆ ಅರ್ಧ ಚಮಚ, ದಿನಾ. ವಾರಕ್ಕೊಮ್ಮೆ ಮೈಗೆ. ಚಳಿಗಾಲದಲ್ಲಿ ಎಳ್ಳೆಣ್ಣೆ, ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ, ಏಕೆಂದರೆ ಎಳ್ಳು ಉಷ್ಣ. ಜ್ವರ, ಅಜೀರ್ಣ ಇದ್ದ ದಿನ ಬೇಡ. ಕಿವಿ ಸೋರುತ್ತಿದ್ದರೆ ಕಿವಿಯೊಳಗೆ ಹನಿಯೂ ಬೇಡ. ಜಿಡ್ಡು ತೆಗೆಯಲು ಹೆಸರು ಹಿಟ್ಟು. ಬಿಸಿನೀರು ಕುತ್ತಿಗೆ ಕೆಳಗೆ ಬಲ ಕೊಡುತ್ತದೆ, ತಲೆ ಮೇಲೆ ಸುರಿದರೆ ಕೂದಲು, ಕಣ್ಣಿಗೆ ಒಳ್ಳೆಯದಲ್ಲ. ವಯಸ್ಸಾದವರು ಎಣ್ಣೆ ಕಾಲಲ್ಲಿ ಬಚ್ಚಲಿಗೆ ಹೋಗುವಾಗ ಯಾರಾದರೂ ಕೈ ಹಿಡಿಯಿರಿ.

ವ್ಯಾಯಾಮ ನಿಮ್ಮ ಶಕ್ತಿಯ ಅರ್ಧದಷ್ಟು. ಹಣೆ, ಕಂಕುಳಲ್ಲಿ ಬೆವರು ಬಂದರೆ ನಿಲ್ಲಿಸಿ. ಈ ಲೆಕ್ಕ ಚಳಿಗಾಲದ್ದು, ಬೇಸಿಗೆಯಲ್ಲಿ ಇನ್ನೂ ಕಡಿಮೆ. ಬಳ್ಳಾರಿ ಕೋಟೆ ಗುಡ್ಡ ಹತ್ತುವವರು ಏಪ್ರಿಲ್‌ನಲ್ಲಿ ಆರೂವರೆಗೆ ಕೆಳಗೆ ಇಳಿದಿರಬೇಕು.

ಚೂರ್ಣ, ಮಾತ್ರೆ ಬೇಕಾ?

ಬಹುತೇಕ ಬೇಡ. ನಮ್ಮ ಅವ್ವನ ಮೊಣಕಾಲು ನೋವಿಗೆ ಯಾರೋ ಕೊಟ್ಟ ಪೊಟ್ಟಣದ ಪುಡಿ ತಂದೆ, ಮೇಲೆ ಹೆಸರೂ ಇಲ್ಲ, ತಾರೀಖೂ ಇಲ್ಲ. ವಾರದಲ್ಲಿ ನೋವು ಮಾಯ, ತಿಂಗಳಲ್ಲಿ ಮುಖ ಊದಿ ಶುಗರ್ ಏರಿತ್ತು. ಅದರಲ್ಲಿ ಸ್ಟೀರಾಯ್ಡ್ ಇರಬಹುದು ಅಂತ ಡಾಕ್ಟರಿಗೆ ಅನುಮಾನ. ಅಂದಿನಿಂದ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ ಇಲ್ಲದ್ದು ಮನೆಗೆ ಬರುವುದಿಲ್ಲ. ಭಸ್ಮಗಳಲ್ಲಿ ಲೋಹ ಇರುತ್ತದೆ, ಸ್ವಂತ ಬುದ್ಧಿಯಿಂದ ಮುಟ್ಟಬೇಡಿ. ಜೇಷ್ಠಮಧು ಬಿಪಿ ಏರಿಸಬಹುದು. ಅಶ್ವಗಂಧ ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ, ಬಸುರಿಯರಿಗೆ ಬೇಡ. ಮತ್ತೊಂದು: ಬಿಸಿಲಲ್ಲಿ ಯಾರಾದರೂ ಮೈ ಕಾದು ಮಾತು ತೊದಲಿ ಬಿದ್ದರೆ ಪಾನಕ ಕುಡಿಸುತ್ತ ಕೂರಬೇಡಿ. ನೆರಳಿಗೆ ತಂದು ಮೈಮೇಲೆ ನೀರು ಸುರಿಯುತ್ತ 108ಕ್ಕೆ ಫೋನ್ ಮಾಡಿ.

ಕಾಲ ತಿರುಗಿದಾಗ

ಇಷ್ಟು ರೂಢಿಯಾದ ಮೇಲೆ ಋತುಚರ್ಯೆ, ಅಂದರೆ ಕಾಲಕ್ಕೆ ತಕ್ಕ ನಡೆ. ಇದಕ್ಕೆ ಪುಸ್ತಕ ಬೇಕಾಗಿಲ್ಲ, ಮನೆಯ ಹಬ್ಬಗಳನ್ನು ನೋಡಿದರೆ ಅರ್ಧ ಗೊತ್ತಾಗುತ್ತದೆ. ಚಳಿಯಲ್ಲಿ ಹಸಿವು ಜೋರು, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎರಡೂ ಉಷ್ಣ, ಎರಡೂ ಆ ಕಾಲಕ್ಕೆ ಸರಿ. ಯುಗಾದಿಗೆ ಬೇವಿನ ಹೂವು, ಪುಠಾಣಿ (ಹುರಿಗಡಲೆ) ಹಿಟ್ಟು, ಮಾವಿನಕಾಯಿ, ಬೆಲ್ಲ ಕಲಸಿ ಕುಡಿಯುವ ಬೇವು. ಬೇಸಿಗೆಗೆ ಹುರಿದ ಹಿಟ್ಟನ್ನು ಸಕ್ಕರೆ ಜೊತೆ ತಿನ್ನಿ, ಹೊಸ ಮಣ್ಣಿನ ಪಾತ್ರೆಯಲ್ಲಿಟ್ಟ ಪಾನಕ ಕುಡಿಯಿರಿ ಅಂತ ಅಷ್ಟಾಂಗ ಹೃದಯದಲ್ಲಿದೆ, ಅಲ್ಲಿ ಹೇಳಿರುವುದು ಜವೆಗೋಧಿಯಂಥ ಧಾನ್ಯದ ಹಿಟ್ಟು, ನಮ್ಮದು ಪುಠಾಣಿ. ಬೇಸಿಗೆಯಲ್ಲಿ ಖಾರ, ಹುಳಿ, ಉಪ್ಪು ಇಳಿಸಿ. ಹುಳಿಯಾದ ಪುಂಡಿಪಲ್ಯ ತಿನ್ನುವ ದಿನ ಬೆಣ್ಣೆ ಜಾಸ್ತಿ ಹಾಕಿಕೊಳ್ಳಿ. ಮಳೆಗಾಲಕ್ಕೆ ಜೀರ್ಣಶಕ್ತಿ ಕುಗ್ಗುತ್ತದೆ, ಆಗ ಶುಂಠಿ, ಬಿಸಿ ಬಿಸಿ ತೊವ್ವೆ, ಕಾಯಿಸಿದ ನೀರು. ಮಹಾನವಮಿ ಹೊತ್ತಿಗೆ ಮೋಡ ಸರಿದು ಬಿಸಿಲು ಚುರುಕಾದಾಗ ಪಿತ್ತ ಕೆರಳುತ್ತದೆ, ಆಗ ಹಾಗಲಕಾಯಿ, ಮೆಂತ್ಯ ಪಲ್ಯದಂಥ ಕಹಿ, ಜೊತೆಗೆ ತುಪ್ಪ.

ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ, ಒಟ್ಟು 14 ದಿನ ಋತುಸಂಧಿ. ಹಳೆಯದನ್ನು ಮೆಲ್ಲಗೆ ಬಿಡುವ, ಹೊಸದನ್ನು ಮೆಲ್ಲಗೆ ಹಿಡಿಯುವ ದಿನಗಳು, ಮತ್ತೆ ಅದೇ ಕಾಲು ಭಾಗದ ಲೆಕ್ಕ. ಈ ಸಲ ಮೊದಲ ಮಳೆ ಬಿದ್ದ ದಿನ ನಾನು ಹರವಿಯನ್ನು ಒಳಗಿಡದೆ ನೋಟ್‌ಬುಕ್ಕಿನಲ್ಲಿ ದಿನ ಎಣಿಸುತ್ತಾ ಕೂತಿದ್ದೆ. ಅಡುಗೆಮನೆಯಲ್ಲಿ ಅವ್ವ ಆಗಲೇ ಶುಂಠಿ ಜಜ್ಜುತ್ತಿದ್ದಳು.